ಅಂಬ್ರೆಲಾ ಟೈಪ್ ಎಟಿಸಿ (ಟೂಲನ್ನು ತಾನಾಗಿ ಬದಲಿಸುವ ವ್ಯವಸ್ಥೆ) ಇರುವ ವಿಎಂಸಿಗೆ (ವರ್ಟಿಕಲ್ ಮಷೀನಿಂಗ್ ಸೆಂಟರ್) ಪೋಸ್ಟ್ ಪ್ರೊಸೆಸರ್‌ನ ಟೂಲ್ ಚೇಂಜ್ ಭಾಗವನ್ನು ತಿದ್ದುವುದು ಹೇಗೆ?

ಹಾವೇರಿಯಿಂದ ತಾವು ಕೇಳಿರುವುದು ಇಷ್ಟು: ಫ್ಯಾನಕ್ ಕಂಟ್ರೋಲ್ ಮತ್ತು 16 ಟೂಲ್‌ಗಳ ಅಂಬ್ರೆಲಾ ಟೈಪ್ ಮ್ಯಾಗಝಿನ್ ಇರುವ ಹಳೆಯ ವಿಎಂಸಿಯೊಂದನ್ನು ಕೊಂಡಿದ್ದೀರಿ, ಫ್ಯೂಷನ್ 360ರ ಸಿದ್ಧ ಫ್ಯಾನಕ್ ಪೋಸ್ಟ್‌ನಿಂದ (ಸಾಫ್ಟ್‌ವೇರಿನ ಟೂಲ್‌ಪಾತನ್ನು ಮಷೀನಿನ ಕೋಡಿಗೆ ತಿರುಗಿಸುವ ಫೈಲ್) ಬಂದ ಪ್ರೋಗ್ರಾಮ್ ಹಾಕಿದರೆ ಮೊದಲ ಟೂಲ್ ಬದಲಾದ ಕೂಡಲೇ ಅಲಾರ್ಮ್ ಬರುತ್ತದೆ, ಹೀಗಾಗಿ ಪ್ರತಿ ಪ್ರೋಗ್ರಾಮನ್ನೂ ಕೈಯಿಂದ ತಿದ್ದಿ ಓಡಿಸುತ್ತಿದ್ದೀರಿ. ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ವಾಲ್ವ್ ಭಾಗಗಳನ್ನು ಮಾಡುವ ಸಣ್ಣ ಶಾಪ್ ಒಂದರಲ್ಲಿ ಪ್ರೋಗ್ರಾಮಿಂಗ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಅಂಬ್ರೆಲಾ ಟೈಪ್ ಮತ್ತು ಆರ್ಮ್ ಟೈಪ್ ಎರಡೂ ಮಷೀನುಗಳಿವೆ, ಎರಡಕ್ಕೂ ಪೋಸ್ಟ್ ತಿದ್ದಿದವನು ನಾನೇ.

ಪೋಸ್ಟ್ ಫೈಲನ್ನು ಮುಟ್ಟುವ ಮೊದಲು ನಿಮ್ಮ ಮಷೀನು ಎಂ6 (ಟೂಲ್ ಬದಲಿಸುವ ಕೋಡ್) ಎಂದಾಗ ತಾನಾಗಿ ಏನೇನು ಮಾಡುತ್ತದೆ ಎಂಬುದನ್ನು ತಿಳಿದುಕೊಳ್ಳಿ. ಮಷೀನು ತಾನೇ ಮಾಡದಿರುವುದನ್ನು ಮಾತ್ರ ಪೋಸ್ಟ್ ಬರೆಯಬೇಕು. ಫ್ಯಾನಕ್‌ನಲ್ಲಿ ಪ್ಯಾರಾಮೀಟರ್ 6071ರಲ್ಲಿ 6 ಎಂದಿದ್ದರೆ ಎಂ6 ಬಂದಾಗ ಓ9001 ಎಂಬ ಪ್ರೋಗ್ರಾಮ್ ಓಡುತ್ತದೆ. ಸ್ಪಿಂಡಲ್ ಓರಿಯಂಟೇಶನ್‌ಗೆ ಎಂ19, ಝಡ್ ಮೇಲೆತ್ತಲು ಜಿ28 ಅಥವಾ ಜಿ30, ಇವು ಸಾಮಾನ್ಯವಾಗಿ ಅದರೊಳಗೇ ಇರುತ್ತವೆ. ಅದನ್ನು ಓದಿ ಬರೆದಿಟ್ಟುಕೊಳ್ಳಿ, ತಿದ್ದಬೇಡಿ. ಓ9001 ಪಟ್ಟಿಯಲ್ಲಿ ಕಾಣದಿದ್ದರೆ ಮಷೀನ್ ಕಟ್ಟಿದವರು ಅದನ್ನು ಮುಚ್ಚಿಟ್ಟಿರಬಹುದು, ಇಲ್ಲವೇ ಎಂ6 ಲ್ಯಾಡರ್‌ನಿಂದಲೇ (ಮಷೀನಿನ ಒಳಗಿನ ಪಿಎಲ್‌ಸಿ ಪ್ರೋಗ್ರಾಮ್) ನಡೆಯುತ್ತಿರಬಹುದು. ಆಗ ಎಂಡಿಐನಲ್ಲಿ (ಸಾಲುಗಳನ್ನು ಕೈಯಿಂದ ಟೈಪ್ ಮಾಡಿ ಓಡಿಸುವ ಮೋಡ್) ಝಡ್ ಅನ್ನು ಸಾಕಷ್ಟು ಎತ್ತರದಲ್ಲಿಟ್ಟು, ಸಿಂಗಲ್ ಬ್ಲಾಕ್ (ಒಂದೊಂದೇ ಸಾಲು ಓಡಿಸುವ ಆಯ್ಕೆ) ಹಾಕಿ, ಟಿ (ಟೂಲ್ ನಂಬರ್) ಮತ್ತು ಎಂ6 ಒಂದೇ ಸಾಲಿನಲ್ಲಿ ಕೊಟ್ಟು ನೋಡುವುದೊಂದೇ ದಾರಿ.

ನಿಮ್ಮ ಅಲಾರ್ಮ್‌ಗೆ ಕಾರಣ ಬಹುಮಟ್ಟಿಗೆ ಪ್ರೀಲೋಡ್, ಅಂದರೆ ಮುಂದಿನ ಟೂಲನ್ನು ಮೊದಲೇ ಕರೆಯುವುದು, ಎಂದು ನನಗನಿಸುತ್ತದೆ. ಪ್ರೋಗ್ರಾಮ್ ತೆರೆದು ಎಂ6 ಆದ ನಂತರ ಒಂದು ಸಾಲಿನಲ್ಲಿ ಟಿ7 ಎಂದೋ ಟಿ3 ಎಂದೋ ಒಂಟಿಯಾಗಿ ಬಂದಿದೆಯೇ ನೋಡಿ. ಆರ್ಮ್ ಟೈಪ್ ಮಷೀನಿಗೆ ಅದು ವರದಾನ: ಈಗಿನ ಟೂಲ್ ಕಟಿಂಗ್ ಮಾಡುತ್ತಿರುವಾಗಲೇ ಮ್ಯಾಗಝಿನ್ ತಿರುಗಿ ಮುಂದಿನ ಟೂಲನ್ನು ಸಿದ್ಧವಾಗಿ ನಿಲ್ಲಿಸಿಕೊಳ್ಳುತ್ತದೆ, ಎಂ6 ಬಂದಾಗ ಆರ್ಮ್ ಎರಡನ್ನೂ ಅದಲುಬದಲು ಮಾಡುತ್ತದೆ. ಅಂಬ್ರೆಲಾ ಟೈಪಿನಲ್ಲಿ ಆರ್ಮ್ ಇಲ್ಲ. ಸ್ಪಿಂಡಲ್‌ನಲ್ಲಿರುವ ಟೂಲ್ ತಾನು ಬಂದ ಪಾಟ್‌ಗೇ (ಮ್ಯಾಗಝಿನ್‌ನ ಗೂಡು) ಮರಳಬೇಕು, ಆ ಪಾಟ್ ಖಾಲಿಯಾಗಿ ಎದುರಿಗೇ ಕಾಯುತ್ತಿರಬೇಕು. ಹೀಗಿರುವಾಗ ನಡುವೆ ಒಂಟಿ ಟಿ ಬಂದರೆ ಕೆಲವು ಮಷೀನುಗಳು ಅದನ್ನು ಬರಿದೇ ನೆನಪಿಟ್ಟುಕೊಳ್ಳುತ್ತವೆ, ಕೆಲವು ಅಲಾರ್ಮ್ ಕೊಟ್ಟು ನಿಲ್ಲುತ್ತವೆ. ಪೋಸ್ಟ್‌ನ ಪ್ರಾಪರ್ಟಿಗಳಲ್ಲಿ ಪ್ರೀಲೋಡ್ ಟೂಲ್ ಎಂಬುದನ್ನು ತೆಗೆದುಹಾಕಿ. ಇದಕ್ಕೆ ಕೋಡ್ ತಿದ್ದುವ ಅಗತ್ಯವೇ ಇಲ್ಲ.

ಇನ್ನೊಂದು ವಿಷಯವನ್ನು ಈಗಲೇ ಹೇಳಿಬಿಡುತ್ತೇನೆ. ಫ್ಯೂಷನ್‌ನ ಉಚಿತ ಪರ್ಸನಲ್ ಲೈಸೆನ್ಸ್‌ನಲ್ಲಿ 2020ರ ಅಕ್ಟೋಬರ್‌ನಿಂದ ಆಟೊಮ್ಯಾಟಿಕ್ ಟೂಲ್ ಚೇಂಜ್ ಔಟ್‌ಪುಟ್ ಬರುವುದಿಲ್ಲ. ಆ ಲೈಸೆನ್ಸ್ ದುಡಿಮೆಯ ಕೆಲಸಕ್ಕೂ ಅಲ್ಲ. ಹಲವು ಟೂಲ್‌ಗಳನ್ನು ಒಂದೇ ಪ್ರೋಗ್ರಾಮಿನಲ್ಲಿ ತರಲಾಗದವರು ಪೋಸ್ಟ್‌ನಲ್ಲಿ ತಪ್ಪು ಹುಡುಕುತ್ತ ಕೂರಬಾರದು.

ಈಗ ಕೋಡ್ ತಿದ್ದುವ ಮಾತು. ಸಿಪಿಎಸ್ ಫೈಲ್, ಅಂದರೆ ಪೋಸ್ಟ್‌ನ ಫೈಲ್, ಜಾವಾಸ್ಕ್ರಿಪ್ಟ್‌ನಲ್ಲಿ ಬರೆದದ್ದು. ಪ್ರತಿ ಆಪರೇಶನ್ ಶುರುವಾಗುವಾಗ ಆನ್‌ಸೆಕ್ಷನ್ ಎಂಬ ಫಂಕ್ಷನ್ ಓಡುತ್ತದೆ, ಟೂಲ್ ಚೇಂಜ್ ಶುರುವಾಗುವುದು ಅಲ್ಲಿಂದಲೇ. ಇಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬಾರದೆಂದು ವಿವರವಾಗಿ ಬರೆಯುತ್ತಿದ್ದೇನೆ. ಎಂ6ಗಿಂತ ಮೊದಲು ಝಡ್ ಹೋಮ್‌ಗೆ ಹೋಗಲೆಂದು ನಾನು ಪೋಸ್ಟ್‌ನಲ್ಲಿ ಜಿ91 ಜಿ28 ಝಡ್0 ಎಂಬ ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಬರಿಯ ಅಕ್ಷರಗಳಾಗಿ ಬರೆದಿದ್ದೆ. ಪೋಸ್ಟ್ ಒಳಗೆ ಜಿ90 (ಮೂಲಬಿಂದುವಿನಿಂದ ಅಳತೆ), ಜಿ91ರ (ಇದ್ದ ಜಾಗದಿಂದ ಅಳತೆ) ಲೆಕ್ಕ ಇಡುವ ಮೋಡಲ್ ವೇರಿಯಬಲ್ ಒಂದಿದೆ. ಒಮ್ಮೆ ಬರೆದ ಕೋಡನ್ನು ಅದು ಮತ್ತೆ ಬರೆಯುವುದಿಲ್ಲ. ನಾನು ಅದನ್ನು ದಾಟಿ ಬರೆದದ್ದರಿಂದ ಜಿ91 ಬಂದದ್ದು ಅದಕ್ಕೆ ಗೊತ್ತೇ ಆಗಲಿಲ್ಲ. ಮಷೀನು ಜಿ91ರಲ್ಲಿತ್ತು, ಪೋಸ್ಟ್ ಮಾತ್ರ ಇನ್ನೂ ಜಿ90ರಲ್ಲೇ ಇದೆಯೆಂದುಕೊಂಡು ಮುಂದಿನ ಸಾಲಿನಲ್ಲಿ ಜಿ90 ಹಾಕದೇ ಬಿಟ್ಟಿತು. ಟೂಲ್ ಬದಲಾಯಿತು, ನಂತರದ ಜಿ0 ಎಕ್ಸ್ 210 ಎಂಬುದನ್ನು ಮಷೀನು ಇದ್ದ ಜಾಗದಿಂದ 210 ಮಿಲಿಮೀಟರ್ ಎಂದು ಓದಿತು. ಆಪರೇಟರ್ “ಸರ್, ಟೇಬಲ್ ಎತ್ಲಾಗೋ ಓಡಾಕತ್ತೈತ್ರಿ” ಎಂದು ಕೂಗುವಷ್ಟರಲ್ಲಿ ಎಕ್ಸ್ ಓವರ್‌ಟ್ರಾವೆಲ್ ಅಲಾರ್ಮ್ ಬಂದು ನಿಂತಿತು. ಝಡ್ ಮೇಲಿದ್ದದ್ದರಿಂದ ಜಾಬೂ ಫಿಕ್ಸ್ಚರೂ ಉಳಿದವು. ಆದ್ದರಿಂದ ಜಿ90, ಜಿ91ಗಳನ್ನು ಯಾವಾಗಲೂ ಆ ಮೋಡಲ್ ವೇರಿಯಬಲ್ ಮೂಲಕವೇ ಬರೆಸಿ, ಜಿ28ರ ಸಾಲು ಆದ ಕೂಡಲೇ ಅದನ್ನು ರೀಸೆಟ್ ಮಾಡಿ ಜಿ90 ಬರೆಸಿ. ಅಕ್ಷರಗಳಾಗಿ ನೇರ ಬರೆಯಲೇಬೇಕಾದರೆ ರೀಸೆಟ್ ಮರೆಯಬೇಡಿ.

ಸಾಲುಗಳ ಕ್ರಮ ಹೀಗಿರಲಿ: ಮೊದಲು ಎಂ9 (ಕೂಲಂಟ್ ನಿಲ್ಲಿಸಲು) ಮತ್ತು ಎಂ5 (ಸ್ಪಿಂಡಲ್ ನಿಲ್ಲಿಸಲು), ನಂತರ ಝಡ್ ಹೋಮ್, ನಂತರ ಎಂ1 (ಬೇಕಿದ್ದರೆ ಪ್ರೋಗ್ರಾಮ್ ನಿಲ್ಲಲು), ಆಮೇಲೆ ಟಿ ಮತ್ತು ಎಂ6 ಒಂದೇ ಸಾಲಿನಲ್ಲಿ. ಕೂಲಂಟ್ ನಿಲ್ಲದೆ ಟೂಲ್ ಬದಲಾದರೆ ನೀರೂ ಬೀಡಿನ ಪುಡಿಯೂ ಸ್ಪಿಂಡಲ್ ಟೇಪರ್‌ಗೆ ಸೇರುತ್ತವೆ, ರನ್‌ಔಟ್ (ಟೂಲ್ ವಾಲಾಡಿ ತಿರುಗುವುದು) ಶುರುವಾಗುತ್ತದೆ. ಟೂಲ್ ಬಂದ ಮೇಲೆ ಮೋಡ್‌ಗಳನ್ನು ಸರಿಪಡಿಸುವ ಜಿ90 ಜಿ17 ಜಿ40 ಜಿ49 ಜಿ80, ವರ್ಕ್ ಆಫ್‌ಸೆಟ್, ಸ್ಪೀಡ್, ಎಕ್ಸ್ ವೈ, ಕೊನೆಗೆ ಜಿ43 ಎಚ್ (ಟೂಲ್ ಉದ್ದದ ಆಫ್‌ಸೆಟ್) ಜೊತೆ ಝಡ್, ಇವೆಲ್ಲವೂ ಪ್ರತಿ ಟೂಲ್‌ಗೂ ಮತ್ತೆ ಬರಬೇಕು. ನಮ್ಮ ಕಡೆ ಕರೆಂಟ್ ನಡುವೆ ಹೋಗುವುದು ಹೊಸದೇನಲ್ಲ; ಹೋದಾಗ ಆಪರೇಟರ್ ನಾಲ್ಕನೇ ಟೂಲ್‌ನಿಂದಲೇ ಧೈರ್ಯವಾಗಿ ಮತ್ತೆ ಶುರು ಮಾಡುವಂತಿರಬೇಕು. ಸೀಕ್ವೆನ್ಸ್ ನಂಬರನ್ನು ಟೂಲ್ ಚೇಂಜ್‌ನಲ್ಲಿ ಮಾತ್ರ ಬರೆಯುವ ಆಯ್ಕೆ ಪ್ರಾಪರ್ಟಿಗಳಲ್ಲಿದೆ, ಅದನ್ನು ಹಾಕಿಕೊಳ್ಳಿ, ಹುಡುಕುವುದು ಸುಲಭ.

ಎರಡು ಕಾವಲು ಸಾಲುಗಳನ್ನೂ ಸೇರಿಸಿ. ಟೂಲ್ ನಂಬರ್ 16ಕ್ಕಿಂತ ಹೆಚ್ಚಿದ್ದರೆ, ಅಥವಾ ಎಚ್ ನಂಬರ್ ಟೂಲ್ ನಂಬರ್‌ಗೆ ಹೊಂದದಿದ್ದರೆ, ಪೋಸ್ಟ್ ಪ್ರೋಗ್ರಾಮನ್ನೇ ಕೊಡದೆ ಎರರ್ ತೋರಿಸಲಿ. ಬರಿಯ ಎಚ್ಚರಿಕೆ ಕೊಟ್ಟರೆ ಸಂಜೆ ಆರು ಗಂಟೆಯ ಅವಸರದಲ್ಲಿ ಅದನ್ನು ಯಾರೂ ಓದುವುದಿಲ್ಲ. ಬೇರೆ ಟೂಲ್‌ನ ಎಚ್ ಹಿಡಿದು ಇಳಿದ ಸ್ಪಿಂಡಲ್‌ನ ರಿಪೇರಿ ಖರ್ಚನ್ನು ನಮ್ಮ ಎಸ್ಟೇಟಿನಲ್ಲಿ ಕಣ್ಣಾರೆ ಕಂಡು ಈ ಮಾತು ಹೇಳುತ್ತಿದ್ದೇನೆ.

ಮೂಲ ಪೋಸ್ಟ್ ಮೇಲೆ ಬರೆಯದೆ, ಅದರ ಪ್ರತಿಗೆ ಮಷೀನಿನ ಹೆಸರಿಟ್ಟು ಅದನ್ನೇ ತಿದ್ದಿ. ವಿಎಸ್ ಕೋಡ್‌ನಲ್ಲಿ ಆಟೊಡೆಸ್ಕ್‌ನ ಪೋಸ್ಟ್ ಎಕ್ಸ್‌ಟೆನ್ಷನ್ ಹಾಕಿಕೊಂಡರೆ, ಔಟ್‌ಪುಟ್‌ನ ಸಾಲಿನ ಮೇಲೆ ಕ್ಲಿಕ್ ಮಾಡಿದಾಗ ಅದನ್ನು ಬರೆದ ಕೋಡ್ ಸಾಲು ತೋರುತ್ತದೆ. ಮೊದಲ ಪರೀಕ್ಷೆಗೆ ಎರಡೇ ಟೂಲ್‌ಗಳ ಚಿಕ್ಕ ಪ್ರೋಗ್ರಾಮ್ ಸಾಕು: ಟೇಬಲ್ ಮೇಲೆ ಜಾಬ್ ಇರಬಾರದು, ಜಿ54ರ (ವರ್ಕ್ ಆಫ್‌ಸೆಟ್) ಝಡ್ ಅನ್ನು 100 ಮಿಲಿಮೀಟರ್ ಮೇಲಕ್ಕೆ ಎತ್ತಿರಬೇಕು, ಸಿಂಗಲ್ ಬ್ಲಾಕ್ ಹಾಕಿ, ರ‍್ಯಾಪಿಡ್ ಅನ್ನು ಅತಿ ಕಡಿಮೆಗಿಳಿಸಿ, ಫೀಡ್ ಹೋಲ್ಡ್ ಮೇಲೆ ಬೆರಳಿಟ್ಟುಕೊಂಡು ಪ್ರತಿ ಸಾಲಿಗೂ ಪರದೆಯ ಮೇಲಿನ ಡಿಸ್ಟೆನ್ಸ್ ಟು ಗೋ (ಇನ್ನೂ ಸಾಗಬೇಕಾದ ದೂರ) ಅಂಕಿ ಓದಿ. ಎರಡನೇ ಟೂಲ್ ಬಂದ ನಂತರದ ಮೊದಲ ಎಕ್ಸ್ ವೈ ಸಾಲಿನಲ್ಲಿ ಆ ಅಂಕಿ ನಿಮ್ಮ ಲೆಕ್ಕಕ್ಕೆ ಹೊಂದದಿದ್ದರೆ ಸೈಕಲ್ ಸ್ಟಾರ್ಟ್ ಒತ್ತಬೇಡಿ, ಜಿ90 ಎಲ್ಲಿ ತಪ್ಪಿದೆ ಹುಡುಕಿ.