ಚೆಕ್-ಇನ್ ಬ್ಯಾಗಿಗೆ ಲ್ಯಾಪ್‌ಟಾಪ್ ಹಾಕಬೇಡಿ ಎಂದರೆ ಹಾಕಬೇಡಿ

ವಿಮಾನ ನಿಲ್ದಾಣದ ಸಿಬ್ಬಂದಿಗೆ ಅಪಾಯಕಾರಿ ಸರಕುಗಳ ಬಗ್ಗೆ ಪಾಠ ಹೇಳುವುದು ನನ್ನ ಕೆಲಸ. ರಜೆ ಹತ್ತಿರ ಬಂತೆಂದರೆ ಓದುಗರ ಪ್ರಶ್ನೆಗಳು ಬರುತ್ತವೆ. ಬಹುಪಾಲು ಹೋದ ವರ್ಷದವೇ. ಭದ್ರತಾ ತಪಾಸಣೆಯಲ್ಲಿ ಲ್ಯಾಪ್‌ಟಾಪನ್ನು ಟ್ರೇಯಲ್ಲಿ ಇಡಬೇಕೇ ಎಂಬಂಥವನ್ನು ಬಿಟ್ಟುಬಿಟ್ಟಿದ್ದೇನೆ, ಅದನ್ನು ಅಲ್ಲಿ ನಿಂತವರೇ ಹೇಳುತ್ತಾರೆ.

ಕೈಚೀಲಕ್ಕೆ 7 ಕೆಜಿ ಮಿತಿ. ಲ್ಯಾಪ್‌ಟಾಪ್ ಸೇರಿದರೆ ತೂಕ ಮೀರುತ್ತದೆ. ಆಫ್ ಮಾಡಿ, ಬಟ್ಟೆಗಳ ನಡುವೆ ಸುತ್ತಿ ಚೆಕ್-ಇನ್ ಸೂಟ್‌ಕೇಸಿನಲ್ಲಿಟ್ಟರೆ ಆಗದೇ? ನಿಯಮದಲ್ಲಿ ಅವಕಾಶ ಇದೆಯಂತಲ್ಲ? (ಹುಬ್ಬಳ್ಳಿಯ ಓದುಗರು)

ಅವಕಾಶ ಇದೆ. ಉಪಕರಣದೊಳಗೇ ಇರುವ ಬ್ಯಾಟರಿ ಚೆಕ್-ಇನ್ ಬ್ಯಾಗಿನಲ್ಲಿ ಹೋಗಬಹುದು. ಆದರೆ ಯಂತ್ರ ಪೂರ್ತಿ ಆಫ್ ಆಗಿರಬೇಕು, ತಾನಾಗಿ ಆನ್ ಆಗದಂತಿರಬೇಕು, ಪೆಟ್ಟು ಬೀಳದಂತೆ ಪ್ಯಾಕ್ ಮಾಡಿರಬೇಕು. ಆದಷ್ಟೂ ಕೈಚೀಲದಲ್ಲೇ ಒಯ್ಯಿರಿ ಎಂದೂ ಅದರ ಜೊತೆಗೇ ಹೇಳಿದ್ದಾರೆ. ಆ ಸಾಲನ್ನು ಯಾರೂ ಓದುವುದಿಲ್ಲ. ‘ಟ್ರಾವೆಲ್ ಟಿಪ್ಸ್’ ವಿಡಿಯೊ ಮಾಡುವವರಂತೂ ಓದಿಯೇ ಇಲ್ಲ.

ನನ್ನ ಉತ್ತರ: ಬೇಡ. ಕಾರಣ ಕೇಳಿ. ಲ್ಯಾಪ್‌ಟಾಪ್ ಬ್ಯಾಟರಿಯೊಳಗಿನ ಲಿಥಿಯಂ-ಅಯಾನ್ ಸೆಲ್ಲಿನ ಎರಡು ಧ್ರುವಗಳ ನಡುವೆ ಇರುವುದು ತಲೆಕೂದಲಿಗಿಂತ ತೆಳುವಾದ ಒಂದು ಪ್ಲಾಸ್ಟಿಕ್ ಪರದೆ. ಪೆಟ್ಟು ಬಿದ್ದೋ ಬಿಸಿಯಾಗಿಯೋ ಅದು ಹರಿದರೆ ಒಳಗೇ ಶಾರ್ಟ್ ಆಗುತ್ತದೆ. ಆ ಬಿಸಿಗೆ ಧನಧ್ರುವದ ರಾಸಾಯನಿಕ ತಾನೇ ಆಮ್ಲಜನಕ ಬಿಡುತ್ತದೆ, ಒಳಗಿನ ದ್ರಾವಣ ಉರಿಯುವ ಆವಿಯಾಗುತ್ತದೆ, ಒಂದು ಸೆಲ್ಲಿನ ಬಿಸಿ ಪಕ್ಕದ ಸೆಲ್ಲಿಗೆ ಹಬ್ಬುತ್ತದೆ. ಸರಕಿನ ಕೋಣೆಯಲ್ಲಿ ಬೆಂಕಿ ಆರಿಸಲು ಇರುವುದು ಹ್ಯಾಲಾನ್ ಅನಿಲ. ಅದು ಜ್ವಾಲೆಯನ್ನು ಅಡಗಿಸುತ್ತದೆ, ಆದರೆ ಬ್ಯಾಟರಿಯನ್ನು ತಣಿಸುವುದಿಲ್ಲ. ಸೆಲ್ಲಿನಿಂದ ಸೆಲ್ಲಿಗೆ ಹರಡುವ ಬಿಸಿ ಹಾಗೇ ಮುಂದುವರಿಯುತ್ತದೆ.

2017ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಇದನ್ನೇ ಪರೀಕ್ಷಿಸಿತು. ಸೂಟ್‌ಕೇಸಿನೊಳಗೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಒಂದು ಡ್ರೈ ಶಾಂಪೂ ಸ್ಪ್ರೇ ಡಬ್ಬಿ. ಬ್ಯಾಟರಿಗೆ ಹೀಟರ್ ಹಚ್ಚಿ ಬಿಸಿ ಮಾಡಿದರು. ಬೆಂಕಿ ಹತ್ತಿ ಒಂದು ನಿಮಿಷ ಕಳೆಯುವ ಮೊದಲೇ ಡಬ್ಬಿ ಸಿಡಿಯಿತು. ಅಷ್ಟು ಹೊತ್ತಿಗೆ ಹ್ಯಾಲಾನ್ ತನ್ನ ಕೆಲಸ ಮುಗಿಸಿರುವುದಿಲ್ಲ. ಈಗ ನಿಮ್ಮ ಸೂಟ್‌ಕೇಸನ್ನೇ ನೆನಪಿಸಿಕೊಳ್ಳಿ. ಡಿಯೋಡರೆಂಟ್ ಸ್ಪ್ರೇ ಎಲ್ಲಿದೆ? ಬಟ್ಟೆಗಳ ನಡುವೆ, ನೀವು ಲ್ಯಾಪ್‌ಟಾಪ್ ಸುತ್ತಿಡಬೇಕೆಂದಿರುವ ಜಾಗದಲ್ಲೇ.

2010ರ ಸೆಪ್ಟೆಂಬರ್ 3ರಂದು ದುಬೈನಿಂದ ಹೊರಟ ಯುಪಿಎಸ್ ಸರಕು ವಿಮಾನ ಒಂದು ಗಂಟೆಯೊಳಗೆ ಬಿದ್ದು ಇಬ್ಬರು ಪೈಲಟ್‌ಗಳೂ ಸತ್ತರು. ಬೆಂಕಿ ಶುರುವಾಗಿದ್ದು ಲಿಥಿಯಂ ಬ್ಯಾಟರಿಗಳಿದ್ದ ಸರಕಿನಲ್ಲಿ. ಅದರಲ್ಲಿದ್ದದ್ದು ರಾಶಿ ರಾಶಿ ಬ್ಯಾಟರಿ, ನಿಮ್ಮದು ಒಂದೇ ಲ್ಯಾಪ್‌ಟಾಪ್, ಒಪ್ಪುತ್ತೇನೆ. ಆದರೆ ಕೈ ಹೋಗದ ಜಾಗದಲ್ಲಿ ಹತ್ತಿದ ಬೆಂಕಿಯ ಮುಂದೆ ಪೈಲಟ್‌ಗೆ ಉಳಿಯುವ ದಾರಿ ಎಷ್ಟು ಕಡಿಮೆ ಎಂಬುದನ್ನು ನಾನು ಪಾಠದಲ್ಲಿ ಪ್ರತಿ ಬಾರಿ ಈ ಘಟನೆಯಿಂದಲೇ ಹೇಳುತ್ತೇನೆ.

ಅದೇ ಲ್ಯಾಪ್‌ಟಾಪ್ ನಿಮ್ಮ ಕಾಲ ಬಳಿ ಹೊಗೆಯಾಡಿದರೆ? ವಾಸನೆ ನಿಮಗೇ ಮೊದಲು ಬರುತ್ತದೆ. ಗಗನಸಖಿಯರು ಹ್ಯಾಲಾನ್ ಹೊಡೆದು ಜ್ವಾಲೆ ನಂದಿಸಿ, ಆಮೇಲೆ ನೀರು ಸುರಿಯುತ್ತಾರೆ, ಮತ್ತೆ ಮತ್ತೆ ಸುರಿಯುತ್ತಾರೆ. ಮಂಜುಗಡ್ಡೆ ಇಡುವುದಿಲ್ಲ, ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಇದಕ್ಕೆ ಅವರಿಗೆ ತರಬೇತಿ ಇದೆ. ಸರಕಿನ ಕೋಣೆಗೆ ಹಾರಾಟದ ನಡುವೆ ಅವರು ಇಳಿಯಲಾರರು.

‘ಆಫ್ ಮಾಡಿದ್ದೇನೆ’ ಎನ್ನುವವರಲ್ಲಿ ಹೆಚ್ಚಿನವರು ಮಾಡಿರುವುದು ಮುಚ್ಚಳ ಮುಚ್ಚಿದ್ದು, ಅಷ್ಟೇ. ಅದು ಸ್ಲೀಪ್. ನಡುವೆ ಎಚ್ಚೆತ್ತು ಅಪ್‌ಡೇಟ್ ಹಾಕಿಕೊಳ್ಳಲು ಹೊರಟ ಯಂತ್ರ ಸ್ವೆಟರಿನೊಳಗೆ ಸುತ್ತಿಕೊಂಡಿದ್ದರೆ ಬಿಸಿ ಹೋಗಲು ದಾರಿಯೇ ಇಲ್ಲ.

ಹುಬ್ಬಳ್ಳಿಯವರೇ, ನಿಮಗೆ ಇನ್ನೊಂದು ಎಚ್ಚರಿಕೆ. ಹುಬ್ಬಳ್ಳಿ, ಬೆಳಗಾವಿ, ಮೈಸೂರು, ಶಿವಮೊಗ್ಗದಂಥ ಊರುಗಳಿಗೆ ಓಡಾಡುವ ಚಿಕ್ಕ ಎಟಿಆರ್ ವಿಮಾನಗಳಲ್ಲಿ ತಲೆಮೇಲಿನ ಬಿನ್ ಚಿಕ್ಕದು. ಟ್ರಾಲಿ ಬ್ಯಾಗ್ ಹಿಡಿಯದಿದ್ದರೆ ಮೆಟ್ಟಿಲ ಬಳಿಯೇ ಟ್ಯಾಗ್ ಕಟ್ಟಿ ಸರಕಿನ ಕೋಣೆಗೆ ಕಳಿಸುತ್ತಾರೆ. ಹಿಂದೆ ಸಾಲು ನಿಂತಿರುತ್ತದೆ, ಬಿಸಿಲು, ಅವಸರ. ಲ್ಯಾಪ್‌ಟಾಪ್, ಪವರ್ ಬ್ಯಾಂಕ್ ಎರಡೂ ಅದರೊಳಗೇ ಹೋಗಿಬಿಡುತ್ತವೆ. ಟ್ಯಾಗ್ ಹಾಕಿದ ಕ್ಷಣದಿಂದ ಅದು ಚೆಕ್-ಇನ್ ಬ್ಯಾಗೇ. ಹಾಗಾಗಿ ಲ್ಯಾಪ್‌ಟಾಪನ್ನು ಒಂದೇ ಎಳೆತಕ್ಕೆ ಹೊರಬರುವ ತೆಳು ಚೀಲದಲ್ಲಿಟ್ಟು ಟ್ರಾಲಿಯ ಮೇಲ್ಭಾಗದಲ್ಲಿಡಿ. ಪವರ್ ಬ್ಯಾಂಕ್ ಅದರ ಜೊತೆಗೇ ಇರಲಿ. ಸಾಲು ಕಾಯಲಿ, ನೀವು ತೆಗೆದುಕೊಂಡೇ ಹತ್ತಿ.

ತೂಕದ ಮಾತು: ಚಾರ್ಜರಿನ ದಪ್ಪ ಡಬ್ಬಿಯಲ್ಲಿ ಬ್ಯಾಟರಿ ಇಲ್ಲ. ಅದು, ಪುಸ್ತಕಗಳು, ಶೂ ಎಲ್ಲ ಸೂಟ್‌ಕೇಸಿಗೆ ಹೋಗಲಿ. 7 ಕೆಜಿಯಲ್ಲಿ ಲ್ಯಾಪ್‌ಟಾಪಿಗೆ ಜಾಗ ಆಗುತ್ತದೆ.

ಟಚ್‌ಪ್ಯಾಡ್ ಸ್ವಲ್ಪ ಮೇಲೆದ್ದಿದೆ, ಕ್ಲಿಕ್ ಆಗುತ್ತಿಲ್ಲ. ಅಂಗಡಿಯವರು ಬ್ಯಾಟರಿಗೆ ಸೂಜಿ ಚುಚ್ಚಿ ಗ್ಯಾಸ್ ತೆಗೆದರೆ ಸರಿಹೋಗುತ್ತದೆ ಎಂದರು. ಪ್ರಯಾಣ ಮುಗಿಸಿ ಬಂದು ಮಾಡಿಸಿದರಾಯಿತೇ?

ಆ ಅಂಗಡಿಗೆ ಮತ್ತೆ ಕಾಲಿಡಬೇಡಿ. ಊದಿದ ಬ್ಯಾಟರಿಗೆ ಸೂಜಿ ಚುಚ್ಚುವುದೆಂದರೆ ಮೇಲೆ ಹೇಳಿದ ಪರದೆಯನ್ನು ಬೇಕೆಂದೇ ಹರಿಯುವುದು. ಇಂಥ ‘ರಿಪೇರಿ’ ಮಾಡುವವರು ನಿಮ್ಮ ಕೈಗೆ ಬೆಂಕಿ ಕೊಟ್ಟು ದುಡ್ಡು ಇಸಿದುಕೊಳ್ಳುತ್ತಾರೆ.

ಪ್ರಯಾಣಕ್ಕೆ ಮೊದಲೇ ಬ್ಯಾಟರಿ ಬದಲಿಸಿ, ಇಲ್ಲವಾದರೆ ಲ್ಯಾಪ್‌ಟಾಪ್ ಮನೆಯಲ್ಲಿರಲಿ. ಊದಿದ, ಹಾಳಾದ, ಕಂಪನಿ ಹಿಂದಕ್ಕೆ ಕರೆಸಿಕೊಂಡ ಬ್ಯಾಟರಿ ಕ್ಯಾಬಿನ್ನಿಗೂ ಇಲ್ಲ, ಕೆಳಗೂ ಇಲ್ಲ. 2019ರಲ್ಲಿ ಆಪಲ್ ತನ್ನ 15 ಇಂಚಿನ ಕೆಲವು ಮ್ಯಾಕ್‌ಬುಕ್ ಪ್ರೊಗಳ ಬ್ಯಾಟರಿ ಹಿಂಪಡೆದಾಗ ಅವನ್ನು ವಿಮಾನದಲ್ಲಿ ತರಬೇಡಿ ಎಂದು ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ಕೂಡ ಹೇಳಿತ್ತು. ಮೇಲಾಗಿ ಹಾರುವಾಗ ಕ್ಯಾಬಿನ್ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದಲ್ಲಿರುವಷ್ಟೇ. ಮುಳ್ಳಯ್ಯನಗಿರಿಯ ತುದಿ ಈ ಎರಡರ ನಡುವೆ ಬರುತ್ತದೆ. ಒಳಗೆ ಅನಿಲ ತುಂಬಿದ ಬ್ಯಾಟರಿ ಅಲ್ಲಿ ಇನ್ನಷ್ಟು ಊದುತ್ತದೆ.

ಊದಿದೆಯೇ ಎಂದು ನೋಡಲು ಯಂತ್ರವನ್ನು ಮುಚ್ಚಿ ಸಪಾಟಾದ ಮೇಜಿನ ಮೇಲಿಟ್ಟು ಮೂಲೆಯನ್ನು ಬೆರಳಿನಿಂದ ಒತ್ತಿ. ಮೊದಲು ಅಲ್ಲಾಡದ ಯಂತ್ರ ಈಗ ತೂಗಾಡಿದರೆ, ಮುಚ್ಚಳದ ಅಂಚು ಒಂದು ಕಡೆ ಬಾಯಿ ಬಿಟ್ಟಿದ್ದರೆ, ಅನುಮಾನ ಪಡಿ. ನಾನಂತೂ ಅನುಮಾನ ಬಂದ ಯಂತ್ರವನ್ನು ಚಾರ್ಜಿಗೂ ಹಾಕುವುದಿಲ್ಲ.

30,000 ಎಂಎಎಚ್ ಪವರ್ ಬ್ಯಾಂಕ್ ಒಯ್ಯಬಹುದೇ?

ಲೆಕ್ಕ ಎಂಎಎಚ್‌ನಲ್ಲಿ ಅಲ್ಲ, ಬ್ಯಾಟರಿ ಹಿಡಿದಿಡುವ ಶಕ್ತಿಯ ಅಳತೆಯಾದ ವ್ಯಾಟ್-ಅವರ್‌ನಲ್ಲಿ. ಎಂಎಎಚ್ ಅಂಕಿಯನ್ನು ಸೆಲ್ಲಿನ 3.7 ವೋಲ್ಟ್‌ನಿಂದ ಗುಣಿಸಿ ಸಾವಿರದಿಂದ ಭಾಗಿಸಿ: 20,000ಕ್ಕೆ 74, 30,000ಕ್ಕೆ 111. 100ರವರೆಗೆ ಸರಿ, 100ರಿಂದ 160ಕ್ಕೆ ವಿಮಾನಯಾನ ಕಂಪನಿಯ ಒಪ್ಪಿಗೆ ಬೇಕು, 160 ದಾಟಿದರೆ ಇಲ್ಲ. ನಿಮ್ಮದಕ್ಕೆ ಒಪ್ಪಿಗೆ ಕೇಳಬೇಕು. ಅಂಕಿ ಅಚ್ಚಾಗಿಲ್ಲದ ಅಗ್ಗದ ಪವರ್ ಬ್ಯಾಂಕ್ ಕಸಿದುಕೊಂಡರೆ ಜಗಳ ಮಾಡಬೇಡಿ. ಚೆಕ್-ಇನ್ ಬ್ಯಾಗಿನಲ್ಲಿ ಪವರ್ ಬ್ಯಾಂಕಿಗೆ ಯಾವ ಗಾತ್ರದ್ದಾದರೂ ಅವಕಾಶವೇ ಇಲ್ಲ. ದುಬೈಗೆ ಎಮಿರೇಟ್ಸ್‌ನಲ್ಲಿ ಹೋಗುವವರಿಗೆ 2025ರ ಅಕ್ಟೋಬರ್ 1ರಿಂದ 100ರೊಳಗಿನ ಒಂದೇ ಒಂದು, ಅದನ್ನೂ ವಿಮಾನದಲ್ಲಿ ಬಳಸುವಂತಿಲ್ಲ.

ಎಕ್ಸ್-ರೇ ಯಂತ್ರದಿಂದ ಲ್ಯಾಪ್‌ಟಾಪಿನ ಫೈಲುಗಳು ಅಳಿಸಿಹೋಗುತ್ತವೆಯೇ? ಅಲ್ಯೂಮಿನಿಯಂ ಫಾಯಿಲ್ ಸುತ್ತಬೇಕೇ?

ಇಲ್ಲ. ಬೇಡ. ಫಾಯಿಲ್ ಸುತ್ತಿದರೆ ಬ್ಯಾಗ್ ಬಿಚ್ಚಿಸುತ್ತಾರೆ.

ಟೇಕಾಫ್ ಹೊತ್ತಿಗೆ ಲ್ಯಾಪ್‌ಟಾಪ್ ಯಾಕೆ ಒಳಗಿಡಬೇಕು? ಏರೋಪ್ಲೇನ್ ಮೋಡ್‌ನಲ್ಲೇ ಇದೆಯಲ್ಲ.

ಬ್ರೇಕ್ ಹಾಕಿದರೆ ಒಂದೂವರೆ ಕೆಜಿಯ ಲೋಹದ ತಗಡು ಮುಂದಿನವರ ತಲೆಗೆ ಹಾರುತ್ತದೆ. ಇಳಿದು ಓಡಬೇಕಾಗಿ ಬಂದರೆ ತೆರೆದ ಟ್ರೇ ಮೇಜು ಮೂವರನ್ನು ತಡೆಯುತ್ತದೆ.

ಸೀಟಿನ ಪ್ಲಗ್‌ನಲ್ಲಿ ಗೇಮಿಂಗ್ ಲ್ಯಾಪ್‌ಟಾಪ್ ಚಾರ್ಜ್ ಆಗುತ್ತಿಲ್ಲ.

ಆಗುವುದಿಲ್ಲ. ಅದು ಚಿಕ್ಕ ಹೊರೆಗೆಂದು ಇಟ್ಟಿರುವ ಪ್ಲಗ್, 200 ವ್ಯಾಟ್ ಚಾರ್ಜರ್ ಹಾಕಿದರೆ ತಾನೇ ಕಡಿದುಕೊಳ್ಳುತ್ತದೆ.

ಕಿವಿಯ ಇಯರ್‌ಬಡ್, ಫೋನ್ ಸೀಟಿನ ಸಂದಿಗೆ ಬಿದ್ದರೆ?

ಸೀಟು ಹಿಂದೆ ಮುಂದೆ ಮಾಡಬೇಡಿ. ಯಾಂತ್ರಿಕ ತೋಳಿಗೆ ಸಿಕ್ಕಿ ಬ್ಯಾಟರಿ ನಜ್ಜಾಗುತ್ತದೆ. ಸಿಬ್ಬಂದಿಯನ್ನು ಕರೆಯಿರಿ.

ದಮ್ಮಾಮ್‌ನಿಂದ ಮಂಗಳೂರಿಗೆ ಬರುವಾಗ ತಂಗಿಗೆ ಹೊಸ ಲ್ಯಾಪ್‌ಟಾಪ್ ತಂದರೆ ಸುಂಕ ಬೀಳುತ್ತದೆಯೇ?

18 ತುಂಬಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು. ಎರಡನೆಯದು ಸುಂಕವಿಲ್ಲದೆ ತರಬಹುದಾದ ಸಾಮಾನಿನ ಒಟ್ಟು ಬೆಲೆಯ ಮಿತಿಯ ಲೆಕ್ಕಕ್ಕೆ ಸೇರುತ್ತದೆ, ಮೀರಿದ ಮೊತ್ತಕ್ಕೆ ಸುಂಕ. ಬಿಲ್ಲು ಜೊತೆಗಿರಲಿ. ಡಬ್ಬಿ ಸಮೇತ ತಂದರೂ ಅದನ್ನು ಕೈಯಲ್ಲೇ ತನ್ನಿ.