ಓದುಗರ ಪ್ರಶ್ನೆ: ಘಾಟಿ, ಎಮ್ಮೆ ಮತ್ತು ಸರ್ವಿಸ್ ಲಿಫ್ಟ್

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮೇಲು-ಕೀಳಿನ ಬುಡ ಎಲ್ಲಿದೆ ಎಂದು ಕೇಳಿವೆ. ನಾಲ್ಕಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ಎಂಟು ತಿಂಗಳ ಮೊಮ್ಮಗಳು ಮನೆಯವರು ಎತ್ತಿಕೊಂಡರೆ ನಗುತ್ತಾಳೆ, ಹೊಸದಾಗಿ ಬಂದ ಕೆಲಸದ ಬಾಯಿ (ಮನೆಕೆಲಸದ ಹೆಂಗಸು) ಕೈ ಚಾಚಿದರೆ ಕಿರುಚುತ್ತಾಳೆ. ಯಾರೂ ಹೇಳಿಕೊಟ್ಟಿಲ್ಲ. ಹಾಗಾದರೆ ಭೇದಭಾವ ಹುಟ್ಟುಗುಣವೇ? (ಡೊಂಬಿವಲಿಯ ಒಬ್ಬ ಅಜ್ಜಿ)

ಆ ವಯಸ್ಸಿನ ಕೂಸು ಅಳುವುದು ಹೊಸ ಮುಖಕ್ಕೆ. ಬಾಯಿ ದಿನಾ ಸ್ವಲ್ಪ ಹೊತ್ತು ಎದುರು ಕೂತು ಆಡಿಸಲಿ, ಅಳು ತಾನಾಗಿ ಇಳಿಯುತ್ತದೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆಗತಾನೆ ಹುಟ್ಟಿದ ಶಿಶುಗಳು ಯಾವ ಜನಾಂಗದ ಮುಖವನ್ನೂ ಹೆಚ್ಚು ಹೊತ್ತು ನೋಡಲಿಲ್ಲ. ಮೂರು ತಿಂಗಳಾದವು ತಮ್ಮ ಜನಾಂಗದ ಮುಖದ ಮೇಲೇ ಕಣ್ಣು ನೆಟ್ಟವು. ಮರುವರ್ಷ ಇಸ್ರೇಲಿನಲ್ಲಿ ಇಥಿಯೋಪಿಯಾ ಮೂಲದ, ಆದರೆ ಎರಡೂ ಬಣ್ಣದವರ ನಡುವೆ ಬೆಳೆಯುತ್ತಿದ್ದ ಕೂಸುಗಳನ್ನು ನೋಡಿದಾಗ ಆ ಒಲವು ಕಾಣಲೇ ಇಲ್ಲ. ಅಂದರೆ ಕಂಡ ಮುಖವನ್ನು ಹುಡುಕುವ ಕಣ್ಣು ಮಗುವಿಗೆ ಇರುತ್ತದೆ, ಅಷ್ಟೇ. ಅದು ಭೇದಭಾವ ಆಗಬೇಕಾದರೆ ಇನ್ನೆರಡು ಬೇಕು: ಯಾರೋ ಎಳೆದ ಗೆರೆ, ಮತ್ತು ಗೆರೆ ನೋಡಿ ಮಾಡುವ ಹಂಚಿಕೆ.

ಗೆರೆ ಎಷ್ಟು ತೆಳುವಾಗಿದ್ದರೂ ನಡೆಯುತ್ತದೆ. ಹೆನ್ರಿ ತಾಜ್‌ಫೆಲ್ ಎಂಬ ಮನಶ್ಶಾಸ್ತ್ರಜ್ಞರು, ಪೋಲಂಡಿನ ಯಹೂದಿ, ಯುದ್ಧಕೈದಿಯಾಗಿ ಬದುಕುಳಿದವರು, 1970ರಲ್ಲಿ ಇದನ್ನು ತೋರಿಸಿಕೊಟ್ಟರು. ಬ್ರಿಸ್ಟಲ್‌ನ 14–15 ವಯಸ್ಸಿನ ಶಾಲಾ ಹುಡುಗರಿಗೆ ಚುಕ್ಕೆಗಳನ್ನು ತೋರಿಸಿ ಎಷ್ಟೆಂದು ಬರೆಸಿ, ‘ನೀನು ಹೆಚ್ಚು ಅಂದಾಜಿನವರ ಕಡೆ, ನೀನು ಕಡಿಮೆಯವರ ಕಡೆ’ ಎಂದರು. ನಿಜದಲ್ಲಿ ಅದು ಚೀಟಿ ಎತ್ತಿ ಹಂಚಿದ ಹಾಗೆ ಮಾಡಿದ್ದು. ಇನ್ನೊಂದು ಸುತ್ತಿನಲ್ಲಿ ಕ್ಲೇ, ಕಾಂಡಿನ್‌ಸ್ಕಿ ಎಂಬ ಇಬ್ಬರು ಕಲಾವಿದರಲ್ಲಿ ಯಾರ ಚಿತ್ರ ಇಷ್ಟ ಎಂಬುದೇ ಗೆರೆಯಾಯಿತು. ಆಮೇಲೆ ಹಣ ಹಂಚಬೇಕು, ತನಗೆ ಒಂದು ಕಾಸೂ ಇಲ್ಲ. ಒಂದು ಪಟ್ಟಿಯ ಒಂದು ತುದಿಯಲ್ಲಿ ‘ನಮ್ಮವನಿಗೆ 7, ಅವರವನಿಗೆ 1’, ನಡುವೆ 13–13, ಇನ್ನೊಂದು ತುದಿಯಲ್ಲಿ 19–25. ನಮ್ಮವನಿಗೆ ಹೆಚ್ಚು ಸಿಗಲಿ ಎಂದಿದ್ದರೆ 19ಕ್ಕೆ ಗುರುತು ಹಾಕಬೇಕಿತ್ತು. ಹುಡುಗರ ಕೈ 7ರ ಕಡೆಗೆ ವಾಲಿತು. ನಮ್ಮವನಿಗೆ ಕಡಿಮೆಯಾದರೂ ಅಡ್ಡಿಯಿಲ್ಲ, ಅವರವನಿಗಿಂತ ಮೇಲಿದ್ದರೆ ಸಾಕು.

ನಿಮ್ಮ ಊರಿನ ಕನ್ನಡ ಸಂಘದ ರವಿವಾರದ ತರಗತಿಯಲ್ಲಿ ಇದನ್ನು ಅರ್ಧ ಗಂಟೆಯಲ್ಲಿ ಮಾಡಿ ನೋಡಬಹುದು. ಹತ್ತು ವರ್ಷ ದಾಟಿದ ಹನ್ನೆರಡು ಮಕ್ಕಳು, ಗಾಜಿನ ಬಾಟಲಿಯಲ್ಲಿ ಸುಮಾರು 80 ಹುಣಸೆ ಬೀಜ, ಎಲ್ಲರಿಗೂ ಒಂದೊಂದು ಚೀಟಿ ಇದ್ದರೆ ಸಾಕು. ಬೀಜ ಎಷ್ಟೆಂದು ಬರೆಸಿ, ‘ಹೆಚ್ಚು ಅಂದಾಜಿನವರು’, ‘ಕಡಿಮೆಯವರು’ ಎಂದು ಎರಡು ಗುಂಪು ಹೇಳಿ. ಯಾರು ಯಾವ ಗುಂಪು ಎಂಬುದನ್ನು ಮಾತ್ರ ಮೊದಲೇ ಚೀಟಿ ಎತ್ತಿ ಗೊತ್ತುಮಾಡಿರಬೇಕು, ಇಲ್ಲದಿದ್ದರೆ ಗೆಳೆಯರು ಒಟ್ಟಾಗಿ ಕೂತು ನೀವು ಅಳೆಯುವುದು ಗೆಳೆತನವಾಗುತ್ತದೆ. ಚಿಕ್ಕಿ ತುಂಡು ಹಂಚಲು ಐದು ಜೋಡಿ ಕೊಡಿ: 7–1, 10–7, 13–13, 16–19, 19–25. ಇದೇ ಸಾಲಿನಲ್ಲಿ ಬರೆದರೆ ಮಕ್ಕಳು ರೂಢಿಯಿಂದ ನಡುವಿನದಕ್ಕೆ ಗುರುತು ಹಾಕುತ್ತಾರೆ, ಆದ್ದರಿಂದ ಕಲಸಿ ಬರೆಯಿರಿ. ಹೆಸರು ಬೇಡ, ನಂಬರು ಸಾಕು. ಗುಂಪು ಮಾಡಿದ್ದು ಚೀಟಿಯಿಂದ ಎಂಬುದನ್ನು ಅದೇ ದಿನ ಮನೆಗೆ ಹೋಗುವ ಮೊದಲು ಬಿಡಿಸಿ ಹೇಳಲೇಬೇಕು. ತಡಮಾಡಿದರೆ ಗುಂಪಿನ ಹೆಸರು ಮಕ್ಕಳ ಬಾಯಲ್ಲಿ ತಿಂಗಳುಗಟ್ಟಲೆ ಉಳಿದುಬಿಡುತ್ತದೆ.

ಪ್ರಶ್ನೆ: ನಮ್ಮ ಸೊಸೈಟಿಯಲ್ಲಿ ‘ಮನೆಕೆಲಸದವರು, ಡೆಲಿವರಿಯವರು ಸರ್ವಿಸ್ ಲಿಫ್ಟ್‌ನಲ್ಲೇ ಹೋಗಬೇಕು’ ಎಂಬ ಬೋರ್ಡ್ ಇದೆ. ಹದಿನಾಲ್ಕನೇ ಮಹಡಿಯ ಲ್ಯಾಬ್ರಡಾರ್ ಮಾತ್ರ ಮುಖ್ಯ ಲಿಫ್ಟ್‌ನಲ್ಲಿ ಇಳಿಯುತ್ತದೆ. ಸಮಾನತೆಗಾಗಿ ನಾಯಿಯನ್ನೂ ಸರ್ವಿಸ್ ಲಿಫ್ಟ್‌ಗೆ ಕಳಿಸಬೇಕೆಂದು ಕೆಲವರ ವಾದ. ಸರಿಯೇ? (ಠಾಣೆಯ ಓದುಗರು)

ಮೇಲೇರಿಸಬೇಕಾದವರನ್ನು ಅಲ್ಲೇ ಬಿಟ್ಟು ಇನ್ನೊಂದು ಜೀವವನ್ನು ಕೆಳಗಿಳಿಸುವುದು ಎಂಥ ಸಮಾನತೆ? ನಿಮ್ಮ ಲಿಫ್ಟಿನ ಕಥೆ ಹಳೆಯದು. ಮುಂಬಯಿಯಿಂದ ಗೋವಾಕ್ಕೆ ರಸ್ತೆಯಲ್ಲಿ ಹೋದರೆ ರಾಯಗಡ ಜಿಲ್ಲೆಯ ಮಹಾಡ್ ಸಿಗುತ್ತದೆ. ಅಲ್ಲಿನ ಚವದಾರ್ ಕೆರೆಯಲ್ಲಿ ದನ ಕುಡಿಯಬಹುದಿತ್ತು, ದಲಿತರು ಮುಟ್ಟುವಂತಿರಲಿಲ್ಲ. ಸಾರ್ವಜನಿಕ ನೀರು ಎಲ್ಲರಿಗೂ ಎಂದು ಮುಂಬಯಿ ಶಾಸನಸಭೆ 1923ರಲ್ಲಿ, ಮಹಾಡ್ ಪುರಸಭೆ 1924ರಲ್ಲಿ ಗೊತ್ತುವಳಿ ಮಾಡಿದ್ದವು. ಕಾಗದ ಕಾಗದದಲ್ಲೇ ಇತ್ತು. 1927ರ ಮಾರ್ಚ್ 20ರಂದು ಅಂಬೇಡ್ಕರರು ಜನರ ಜೊತೆ ಹೋಗಿ ಬೊಗಸೆ ನೀರು ಕುಡಿದರು. ಅದಾದ ಮೇಲೆ ಊರವರು ಸಗಣಿ, ಗಂಜಲ, ಹಾಲು, ಮೊಸರು ಸುರಿದು ಕೆರೆಯನ್ನು ‘ಶುದ್ಧಿ’ ಮಾಡಿದರು. ಮನುಷ್ಯನ ಕೈಯಿಂದ ಕೆಟ್ಟ ನೀರು ಹಸುವಿನ ಗಂಜಲದಿಂದ ಸರಿಹೋಯಿತು! ಕೋರ್ಟಿನ ಹೋರಾಟ ದಲಿತರ ಪರವಾಗಿ ಮುಗಿದದ್ದು 1937ರಲ್ಲಿ.

ಹಾಗಂತ ಪ್ರಾಣಿಗಳಿಗೆ ಆಗ ದೊಡ್ಡ ಮರ್ಯಾದೆ ಇತ್ತೆಂದು ತಿಳಿಯಬೇಡಿ. ಪ್ರಾಣಿಗೆ ಸಿಗುವುದು ಅದರ ಒಡೆಯನ ದರ್ಜೆ. ಲ್ಯಾಬ್ರಡಾರ್ ಲಿಫ್ಟ್ ಏರುವುದು ಫ್ಲ್ಯಾಟಿನ ಬಲದಿಂದ. ಗೇಟಿನ ಹೊರಗೆ ಮಲಗುವ ಬೀದಿನಾಯಿಗೆ ವಾಚ್‌ಮನ್‌ನ ಕೋಲೇ ಗತಿ.

ಇನ್ನು ಮಾಡಬೇಕಾದ್ದು. ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಕೆಗೆ ದುಡ್ಡು ಕೇಳುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ, ಹಾಗಾಗಿ ನಾಯಿಯ ವಾದ ಅಲ್ಲಿಗೆ ಬಿಡಿ. ಬೋರ್ಡ್‌ಗೆ ಕೈ ಹಾಕಿ. ಸರ್ವಿಸ್ ಲಿಫ್ಟ್ ಯಾವ ಸಾಮಾನಿಗೆ ಎಂದು ಬರೆಯಿರಿ, ಯಾವ ಜನಕ್ಕೆ ಎಂದು ಬರೆಯಬೇಡಿ: ‘ಫರ್ನಿಚರ್, ಗ್ಯಾಸ್ ಸಿಲಿಂಡರ್, ರಿಪೇರಿ ಸಾಮಾನು, ಕಸದ ಡಬ್ಬ ಸರ್ವಿಸ್ ಲಿಫ್ಟ್‌ನಲ್ಲಿ, ಜನ ಯಾವ ಲಿಫ್ಟ್ ಬೇಕಾದರೂ ಬಳಸಬಹುದು.’ ವಾರ್ಷಿಕ ಜನರಲ್ ಬಾಡಿ ಸಭೆಗೆ 14 ದಿನ ಮೊದಲು ನೋಟಿಸ್ ಹೋಗಬೇಕು. ನಿಮ್ಮ ವಿಷಯ ಅದರ ಅಜೆಂಡಾದಲ್ಲಿ ಅಚ್ಚಾಗಿರಲಿ. ‘ಇತರೆ’ ಅಡಿಯಲ್ಲಿ ಎತ್ತಿದರೆ ಚಹಾ ಬರುವ ಹೊತ್ತಿಗೆ ಮುಳುಗುತ್ತದೆ. ‘ಸ್ವಚ್ಛತೆ’ ಎಂದು ಯಾರಾದರೂ ಎದ್ದರೆ, ಅದೇ ಕೈ ತಮ್ಮ ಮನೆಯಲ್ಲಿ ಚಪಾತಿ ಲಟ್ಟಿಸುವುದನ್ನು ನೆನಪಿಸಿ. ಲೆಕ್ಕವನ್ನೂ ಹೇಳಿ: ಐದು ಬಿಲ್ಡಿಂಗಿನಲ್ಲಿ ಕೆಲಸ ಮಾಡುವ ಬಾಯಿ ಒಂದೊಂದರಲ್ಲೂ ಹತ್ತು ನಿಮಿಷ ಲಿಫ್ಟ್ ಕಾದರೆ ದಿನಕ್ಕೆ 50 ನಿಮಿಷ ಸಂಬಳವಿಲ್ಲದೆ ಹೋಯಿತು. ಗೊತ್ತುವಳಿ ಆದಮೇಲೂ ಕೈಕೊಡುವುದು ಒಂದೇ ಕಡೆ. ಬೋರ್ಡ್ ಹೋಗುತ್ತದೆ, ವಾಚ್‌ಮನ್‌ಗೆ ಹಿಂದೆ ಬಾಯಿಮಾತಲ್ಲಿ ಕೊಟ್ಟ ಹುಕುಂ ಹೋಗುವುದಿಲ್ಲ. ಅವನಿಗೆ ಗೊತ್ತುವಳಿಯ ಪ್ರತಿಯನ್ನು ಸಹಿ ಸಮೇತ, ಹಿಂದಿಯಲ್ಲಿ ಕೊಡಿ.

ಪ್ರಶ್ನೆ: ಆರನೇ ಕ್ಲಾಸಿನ ಮಗನನ್ನು ಶಾಲೆಯಲ್ಲಿ ‘ಘಾಟಿ’ ಎನ್ನುತ್ತಾರೆ. ಅಳುತ್ತಾ ಬಂದರೆ ಅತ್ತೆಯವರು ‘ಆ ಹಂದಿಗಳ ಮಾತು ಬಿಡು ಮಗಾ’ ಎನ್ನುತ್ತಾರೆ. ಅದೂ ಸರಿಯೆನಿಸುವುದಿಲ್ಲ. (ಗೋವಾದ ವಾಸ್ಕೋದ ತಾಯಿ)

ನಿಮಗೆ ಅನಿಸಿದ್ದು ಸರಿ. ‘ಘಾಟಿ’ ಎಂದರೆ ಘಟ್ಟದ ಮೇಲಿನವನು, ಅಷ್ಟೇ; ಒಂದು ದಿಕ್ಕಿನ ಹೆಸರು. ಕೀಳು ಅಂಟಿಕೊಂಡದ್ದು ಘಟ್ಟ ಇಳಿದು ಬಂದವರು ಹಿಡಿದ ಕೆಲಸದಿಂದ: ಮೂಟೆ ಹೊರುವುದು, ಕಲ್ಲು ಒಡೆಯುವುದು, ಕಟ್ಟಡದ ಕೂಲಿ. ಮುಂಬಯಿಯಲ್ಲಿ ಅದೇ ಪದವನ್ನು ಒಳನಾಡಿನ ಮರಾಠಿಗರ ಮೇಲೆ ಎಸೆಯುತ್ತಾರೆ. ನಮ್ಮ ಕರಾವಳಿಯವರ ಬಾಯಲ್ಲಿ ‘ಘಟ್ಟದವರು’ ಬರುವಾಗಲೂ ಕೆಲವೊಮ್ಮೆ ಮೂಗು ಸ್ವಲ್ಪ ಮೇಲಿರುತ್ತದೆ, ಒಪ್ಪಿಕೊಳ್ಳೋಣ.

ಅತ್ತೆಯವರ ‘ಹಂದಿ’ ಕೆಲಸ ಮಾಡುವುದು ಹಂದಿ ಮೊದಲೇ ಕೆಳಗಿದೆ ಎಂಬ ನಂಬಿಕೆಯ ಮೇಲೆ. ಬೈಯುವವನು ಎದುರಿಗಿದ್ದವನನ್ನು ಆ ಸಿದ್ಧ ಮೆಟ್ಟಿಲ ಮೇಲೆ ಇಳಿಸುತ್ತಾನೆ. ಕೆನಡಾದಲ್ಲಿ 2010ರಲ್ಲಿ ಪ್ರಕಟವಾದ ಕಾಸ್ಟೆಲೋ, ಹಾಡ್ಸನ್ ಅವರ ಅಧ್ಯಯನ ಇಲ್ಲಿ ಉಪಯೋಗಕ್ಕೆ ಬರುತ್ತದೆ. ‘ಪ್ರಾಣಿಗಳು ಮನುಷ್ಯರ ಹಾಗೆ’ ಎಂದು ಒತ್ತಿಹೇಳಿದಾಗ ಓದಿದವರಿಗೆ ವಲಸಿಗರ ಬಗೆಗಿದ್ದ ತಾತ್ಸಾರ ಇಳಿಯಿತು. ‘ಮನುಷ್ಯರು ಪ್ರಾಣಿಗಳ ಹಾಗೆ’ ಎಂದಾಗ ಇಳಿಯಲಿಲ್ಲ. ಆದ್ದರಿಂದ ಮಗನಿಗೆ ‘ನಾವೇನು ಹಂದಿಗಳಲ್ಲ’ ಎನ್ನುವ ಬದಲು ಹಂದಿಯ ಬುದ್ಧಿ ಹೇಳಿ. ಅಮೆರಿಕದಲ್ಲಿ ನಾಲ್ಕು ಹಂದಿಗಳು ಮೂತಿಯಿಂದ ಜಾಯ್‌ಸ್ಟಿಕ್ ತಳ್ಳಿ ಪರದೆಯ ಮೇಲಿನ ಗುರುತನ್ನು ಗುರಿ ಮುಟ್ಟಿಸಲು ಕಲಿತದ್ದು 2021ರಲ್ಲಿ ಪ್ರಕಟವಾಗಿದೆ. ಆರನೇ ಕ್ಲಾಸಿನವನಿಗೆ ಇದು ಇಷ್ಟವಾಗದೆ ಇರದು.

ಶಾಲೆಗೆ ಹೋದಾಗ ‘ಸಾರಿ’ ಹೇಳಿಸಿ ಬರಬೇಡಿ. ಕ್ಲಾಸ್ ಟೀಚರ ಬಳಿ ಬೆರಕೆ ತಂಡ ಕೇಳಿ: ನಾಲ್ಕೈದು ಮಕ್ಕಳು, ಒಂದೇ ಪ್ರಾಜೆಕ್ಟ್, ಎಲ್ಲರಿಗೂ ಒಂದೇ ಮಾರ್ಕು, ಕನಿಷ್ಠ ಮೂರು ವಾರ. 1954ರಲ್ಲಿ ಮುಜಫರ್ ಶೆರಿಫ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಒಕ್ಲಹೋಮಾದ ಬೇಸಿಗೆ ಶಿಬಿರದಲ್ಲಿ 22 ಹುಡುಗರನ್ನು ಎರಡು ತಂಡ ಮಾಡಿ ಜಗಳಕ್ಕೆ ಬಿಟ್ಟಾಗ, ಒಟ್ಟಿಗೆ ಊಟ ಹಾಕಿಸಿದರೆ ಹುಡುಗರು ಊಟವನ್ನೇ ಎಸೆದಾಡಿದರು. ನೀರಿನ ಪೂರೈಕೆ ನಿಂತು ಎಲ್ಲರೂ ಸೇರಿ ಸರಿಮಾಡಬೇಕಾಗಿ ಬಂದಾಗ, ಕೆಟ್ಟುನಿಂತ ಟ್ರಕ್ಕನ್ನು ಹಗ್ಗ ಕಟ್ಟಿ ಎಳೆಯಬೇಕಾದಾಗ ಜಗಳ ಸಡಿಲಾಗುತ್ತ ಬಂತು. ಶಾಲೆಯವರು ‘ಸಂಸ್ಕೃತಿ ದಿನ’ ಮಾಡಿ ಕನ್ನಡದವರಿಗೊಂದು, ಕೊಂಕಣಿಯವರಿಗೊಂದು ಸ್ಟಾಲ್ ಕೊಡುತ್ತೇವೆಂದರೆ ನಯವಾಗಿ ಬೇಡವೆನ್ನಿ. ಅದರಿಂದ ಗೆರೆ ದಪ್ಪವಾಗುತ್ತದೆ.

ಪ್ರಶ್ನೆ: ಮನುಷ್ಯರಿಗೇ ನ್ಯಾಯ ಸಿಗದಿರುವಾಗ ಪ್ರಾಣಿಗಳ ಮಾತು ಉಳ್ಳವರ ಶೋಕಿ ಅಲ್ಲವೇ? (ಪಿಂಪ್ರಿಯ ಓದುಗರು)

ಕೆಲವರಿಗೆ ಶೋಕಿಯೇ. ಆದರೆ ಎರಡು ತಾತ್ಸಾರಗಳೂ ಒಂದೇ ಮನಸ್ಸಿನಲ್ಲಿ ಜೊತೆಯಾಗಿ ಇರುವುದು ಹೆಚ್ಚು: ಸಮಾಜದಲ್ಲಿ ಮೇಲು-ಕೀಳು ಇರಲೇಬೇಕು ಎನ್ನುವವರಲ್ಲಿ ಪ್ರಾಣಿಗಳ ಬಗೆಗಿನ ತಾತ್ಸಾರವೂ ಹೆಚ್ಚಿಗೆ ಕಾಣುತ್ತದೆ. ಜಾತಿಯಂತೆ ಜೀವಜಾತಿಯ ಹೆಸರಲ್ಲೂ ಭೇದ ಮಾಡುತ್ತೇವೆ ಎಂಬುದಕ್ಕೆ ಇಂಗ್ಲಿಷಿನಲ್ಲಿ ‘ಸ್ಪೀಶೀಸಿಸಂ’ ಎಂಬ ಪದ ಹುಟ್ಟಿಸಿದವರು ಬ್ರಿಟಿಷ್ ಮನಶ್ಶಾಸ್ತ್ರಜ್ಞ ರಿಚರ್ಡ್ ರೈಡರ್, 1970ರಲ್ಲಿ. ಇದು ಕಲಿತ ಪಾಠವೂ ಹೌದು. 2021ರ ಅಮೆರಿಕದ ಅಧ್ಯಯನದಲ್ಲಿ, ಮುಳುಗುವ ಹಡಗಿನಿಂದ ಒಬ್ಬ ಮನುಷ್ಯನನ್ನು ಉಳಿಸುವುದೋ ನೂರು ನಾಯಿಗಳನ್ನೋ ಎಂದಾಗ 5–9ರ ಮಕ್ಕಳಲ್ಲಿ ಹೆಚ್ಚಿನವರು ನಾಯಿಗಳೆಂದರು, ದೊಡ್ಡವರಲ್ಲಿ ಹೆಚ್ಚಿನವರು ಮನುಷ್ಯನೆಂದರು.

ಪ್ರಾಣಿಗಳೊಳಗೂ ನಾವು ಜಾತಿ ಮಾಡಿದ್ದೇವೆ. ದೇಶದ ಹಾಲಿನಲ್ಲಿ ಹತ್ತಿರ ಹತ್ತಿರ ಅರ್ಧ ಎಮ್ಮೆಯದು. ಮುಂಬಯಿಯ ತಬೇಲಾಗಳಲ್ಲಿ (ಹಾಲಿನ ಕೊಟ್ಟಿಗೆಗಳಲ್ಲಿ) ಕಟ್ಟಿರುವವೂ ಹೆಚ್ಚಾಗಿ ಎಮ್ಮೆಗಳೇ. ಆದರೆ ಪೂಜೆ ಹಸುವಿಗೆ, ‘ಎಮ್ಮೆ ಚರ್ಮ’ ಬೈಗುಳಕ್ಕೆ. 2015ರಲ್ಲಿ ಜಾರಿಗೆ ಬಂದ ಮಹಾರಾಷ್ಟ್ರದ ಕಾಯ್ದೆ ಹೋರಿ, ಎತ್ತುಗಳ ವಧೆಯನ್ನೂ ನಿಷೇಧಿಸಿತು, ಎಮ್ಮೆಯನ್ನು ಹೊರಗಿಟ್ಟಿತು. ನೋವು ತಿಳಿಯುವುದರಲ್ಲಿ ಎರಡಕ್ಕೂ ವ್ಯತ್ಯಾಸವಿದೆ ಎಂದು ಪಶುವೈದ್ಯರು ಯಾರೂ ಹೇಳಲಾರರು. ಕಣ್ಣಿಗೆ ಕಾಣುವ ದೊಡ್ಡ ವ್ಯತ್ಯಾಸ ಬಣ್ಣದ್ದು.