ಶಾಲು ಆಮೇಲೆ, ಮೊದಲು ಪೈಪು

ತುಮಕೂರಿನ ನಿವೃತ್ತ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: “ನಮ್ಮ ಬಡಾವಣೆಯ ಪಾರ್ಕನ್ನು ಮಾಲಿಯೊಬ್ಬರು ಆರು ವರ್ಷದಿಂದ ಮಗುವಿನಂತೆ ನೋಡಿಕೊಳ್ಳುತ್ತಿದ್ದಾರೆ. ಈ ರಾಜ್ಯೋತ್ಸವಕ್ಕೆ ನಮ್ಮ ಸಂಘದಿಂದ ಸನ್ಮಾನ ಇಟ್ಟುಕೊಂಡಿದ್ದೇವೆ. ನಿಮ್ಮ ಪತ್ರಿಕೆಯಲ್ಲಿ ಫೋಟೊ ಹಾಕಬೇಕು. ಒಂದೇ ದೂರು. ಅವರು ತರಗೆಲೆ ಸುಡುವುದಿಲ್ಲ, ಮೂಲೆಯಲ್ಲಿ ಗುಡ್ಡೆ ಹಾಕುತ್ತಾರೆ. ಹಾವು ಸೇರೀತು ಅಂತ ಹೆಂಗಸರಿಗೆ ಭಯ. ನೀವೇ ಒಂದು ಮಾತು ಬರೆಯಿರಿ. ಗರಿಕೆ ಕಿತ್ತು ಲಾನ್ ಹಾಕಿಸುವ ಯೋಚನೆಯೂ ಇದೆ.”

ಮೇಷ್ಟ್ರೇ, ನಮಸ್ಕಾರ.

ಮೂರು ಪುಟದ ಪತ್ರ, ಮುತ್ತಿನಂಥ ಅಕ್ಷರ. ಎರಡು ಸಲ ಓದಿದೆ. ‘ನಮ್ಮ ಮಾಲಿ’ ಅನ್ನುವ ಮಾತು ಹನ್ನೊಂದು ಕಡೆ ಇದೆ. ಅವರ ಹೆಸರು ಎಲ್ಲೂ ಇಲ್ಲ. ಹೋದ ವಾರ ಶಿರಾದಲ್ಲಿ ಕೆಲಸವಿತ್ತು. ಹಿಂದಿನ ರಾತ್ರಿ ತುಮಕೂರಲ್ಲೇ ಉಳಿದು, ಬೆಳಿಗ್ಗೆ ಆರೂವರೆಗೆ ನಿಮ್ಮ ಪಾರ್ಕಿಗೆ ಹೋದೆ. ಹೆಸರು ಕೇಳಿದೆ, ಹೇಳಿದರು. “ಪೇಪರ್‌ನಲ್ಲಿ ಹಾಕ್ಬೇಡಿ ಸಾರ್, ಕಂಟ್ರಾಕ್ಟರ್ ಏನೇನೋ ಕೇಳ್ತಾರೆ” ಅಂದರು. ಅದಕ್ಕೇ ನಾನೂ ಬರೆಯುತ್ತಿಲ್ಲ, ನಿಮ್ಮ ಬಡಾವಣೆಯ ಹೆಸರನ್ನೂ ಬಿಟ್ಟಿದ್ದೇನೆ. ನೀವು ಹೋಗಿ ಕೇಳಿಕೊಳ್ಳಿ, ಹತ್ತು ಹೆಜ್ಜೆ ಅಲ್ವಾ?

ಮೊದಲು ಆ ಗುಡ್ಡೆಯ ವಿಷಯ. ಅದು ಕಸದ ಗುಡ್ಡೆ ಅಂತ ನೀವು ಅಂದುಕೊಂಡಿದ್ದೀರಿ. ನಾನೂ ದೂರದಿಂದ ಹಾಗೇ ಅಂದುಕೊಂಡೆ. ಹತ್ತಿರ ಹೋದರೆ ಅದು ಗೊಬ್ಬರದ ಗುಡ್ಡೆ. ಒಂದು ಗೇಣು ತರಗು, ಮೇಲೆ ಕೊಯ್ದ ಹಸಿ ಹುಲ್ಲು, ಅದರ ಮೇಲೆ ಸಗಣಿ ನೀರು, ಮತ್ತೆ ತರಗು. ಹದಿನೈದು ದಿನಕ್ಕೊಮ್ಮೆ ಮೇಲಿನದು ಕೆಳಗೆ, ಕೆಳಗಿನದು ಮೇಲೆ. “ಕೈ ಹಾಕಿ ನೋಡಿ” ಅಂದರು. ಮೊಣಕೈ ತನಕ ಹಾಕಿದವನು ಬಿಸಿ ತಾಳಲಾರದೆ ಎಳೆದುಕೊಂಡೆ. ಸರಿಯಾಗಿ ಕಟ್ಟಿದ ಗುಡ್ಡೆಯ ಒಳಗೆ 55ರಿಂದ 60 ಡಿಗ್ರಿ ತನಕ ಕಾವು ಏರುತ್ತದೆ. ಆ ಕಾವಿಗೆ ಕಳೆಯ ಬೀಜ ಬಹುಪಾಲು ಸತ್ತುಹೋಗುತ್ತದೆ. ಗುಡ್ಡೆ ಮೂರಡಿಗಿಂತ ಗಿಡ್ಡವಾದರೆ ಕಾವು ನಿಲ್ಲುವುದಿಲ್ಲ. ನಿಮ್ಮ ಕಣ್ಣಿಗೆ ಚುಚ್ಚುತ್ತಿರುವ ಎತ್ತರಕ್ಕೆ ಕಾರಣ ಅದು. ಅದರಲ್ಲಿ ಅರ್ಧಕ್ಕರ್ಧ ಹೊಂಗೆ ಎಲೆ. ಕೆರೆ ಕೆಳಗಿನ ಗದ್ದೆಗೆ ಹೊಂಗೆ ಸೊಪ್ಪು ತುಳಿದು ಭತ್ತ ನಾಟಿ ಮಾಡುತ್ತಿದ್ದದ್ದು ನಿಮ್ಮ ಮನೆಯ ಹಿರಿಯರಿಗೆ ನೆನಪಿರಬಹುದು.

ಇನ್ನು ಸುಡುವುದು. ಘನತ್ಯಾಜ್ಯ ನಿಯಮದ ಪ್ರಕಾರ ಬಯಲಲ್ಲಿ ಕಸ ಸುಡುವ ಹಾಗೇ ಇಲ್ಲ. ಪಾರ್ಕಿನ ಸೊಪ್ಪುಸದೆಯನ್ನು ಆದಷ್ಟೂ ಪಾರ್ಕಿನಲ್ಲೇ ವಿಲೇವಾರಿ ಮಾಡಿ ಅಂತಲೂ 2016ರ ನಿಯಮದಲ್ಲೇ ಇತ್ತು. ಅವರು ಆ ನಿಯಮ ಓದಿಲ್ಲ. ಹೊಗೆ ಬಂದರೆ ವಾಕಿಂಗ್‌ಗೆ ಬರುವ ಮುದುಕರು ಕೆಮ್ಮುತ್ತಾರೆ ಅಂತ ಬಿಟ್ಟರಂತೆ. ಆ ಮುದುಕರಲ್ಲಿ ನೀವೂ ಒಬ್ಬರು, ಬೇಜಾರು ಮಾಡ್ಕೋಬೇಡಿ.

ಹಾವು ಬರುವುದೇ ಇಲ್ಲ ಅನ್ನಲಾರೆ. ಆದರೆ ಹಾವು ಬರುವುದು ಇಲಿಗೆ, ಇಲಿ ಬರುವುದು ಅನ್ನಕ್ಕೆ. ಯಾರದೋ ಹುಟ್ಟುಹಬ್ಬದ ಕೇಕು, ಚಿತ್ರಾನ್ನ ಗುಡ್ಡೆಯ ಪಕ್ಕ ಬಿದ್ದಿತ್ತು. ಅದನ್ನು ಹಾಕಿದ್ದು ಮಾಲಿಯಲ್ಲ.

ಮಗುವಿನಂತೆ ನೋಡಿಕೊಳ್ಳುತ್ತಾರೆ ಎಂದಿರಿ. ನನಗೆ ಅಲ್ಲಿ ಕಂಡದ್ದು ಕಸುಬು. ಗೇಟಿನ ಹೊರಗಿನ ಎಳನೀರು ಗಾಡಿಯಿಂದ ಬುರುಡೆ ತಂದು, ಸೀಳಿ, ಗಿಡದ ಪಾತಿಗೆ ಬೋರಲು ಹಾಕುತ್ತಾರೆ. ತೇವ ಆರುವುದಿಲ್ಲ. ಅಂಗಾತ ಹಾಕಿದರೆ ನೀರು ನಿಂತು ಡೆಂಗಿ ಸೊಳ್ಳೆಗೆ ಮನೆಯಾಗುತ್ತದೆ, ಅದಕ್ಕೇ ಬೋರಲು. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಬೇರುಸಮೇತ ಕೀಳುತ್ತಾರೆ. ಹೂವಾದರೆ ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುತ್ತದೆ. ಕೀಳುವುದು ಹೇಗೆ ಗೊತ್ತಾ? ಕೈಗೆ ಹಾಲಿನ ಕವರ್ ಕಟ್ಟಿಕೊಂಡು. ಮೊಣಕೈ ಹತ್ತಿರ ಚರ್ಮ ಕಪ್ಪಾಗಿ ಬಿರಿದಿದೆ. ಆ ಗಿಡದ ಸಹವಾಸಕ್ಕೆ ಬರುವ ತುರಿಕೆ ಅದು. ಗ್ಲೌಸ್ ಕೊಟ್ಟಿಲ್ವಾ ಅಂದೆ. ನಕ್ಕರು.

ಸಂಬಳ ಎರಡು ಮೂರು ತಿಂಗಳಿಗೊಮ್ಮೆ ಒಟ್ಟಿಗೆ ಬರುತ್ತಂತೆ. ಅದರಲ್ಲಿ ಪಿಎಫ್, ಮತ್ತೆ ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐ ಹಿಡಿಯುತ್ತಾರೆ ಅಂತ ಕೇಳಿ ಗೊತ್ತು. ಪಿಎಫ್ ನಂಬರೂ ಗೊತ್ತಿಲ್ಲ, ಇಎಸ್‌ಐ ಕಾರ್ಡೂ ಕೈಯಲ್ಲಿಲ್ಲ. ಇಎಸ್‌ಐಗೆ ಕೆಲಸಗಾರನಿಂದ ನೂರಕ್ಕೆ 75 ಪೈಸೆ, ಕೆಲಸ ಕೊಟ್ಟವರಿಂದ 3 ರೂಪಾಯಿ 25 ಪೈಸೆ ಕಟ್ಟಬೇಕು. ಅದು ಸರಿಯಾಗಿ ಹೋಗುತ್ತಿದ್ದರೆ ಆ ಕೈಯನ್ನು ಡಾಕ್ಟರಿಗೆ ತೋರಿಸಲು ಅವರು ದುಡ್ಡು ಹೊಂದಿಸಬೇಕಿಲ್ಲ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಗುತ್ತಿಗೆ ಕೊಟ್ಟವರೇ ಕೊಟ್ಟು, ಆಮೇಲೆ ಅವನಿಂದ ವಸೂಲು ಮಾಡಿಕೊಳ್ಳಬೇಕು. ಇದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ಇರುವ ಮಾತು.

ನೀವು ಮಾಡಬಹುದಾದ ಸನ್ಮಾನ ಇಲ್ಲಿದೆ ಮೇಷ್ಟ್ರೇ. ಅದೇ ಮುತ್ತಿನಂಥ ಅಕ್ಷರದಲ್ಲಿ ಸಂಘದ ಹೆಸರಲ್ಲಿ, ಪಾರ್ಕಿನ ಗುತ್ತಿಗೆ ಕೊಟ್ಟ ಕಚೇರಿಗೆ ಒಂದು ಅರ್ಜಿ ಬರೆಯಿರಿ. ಸಂಬಳದ ಚೀಟಿ, ಪಿಎಫ್ ನಂಬರ್, ಇಎಸ್‌ಐ ಕಾರ್ಡು, ಗ್ಲೌಸ್. ಅವರೊಬ್ಬರಿಗೆ ಅಂತ ಬರೆಯಬೇಡಿ, ವಾರ್ಡಿನ ಎಲ್ಲ ಪಾರ್ಕಿನವರಿಗೂ ಅಂತ ಬರೆಯಿರಿ. ಇಲ್ಲದಿದ್ದರೆ ದೂರು ಕೊಟ್ಟದ್ದು ಇವರೇ ಅಂತ ಕೆಲಸಕ್ಕೇ ಕುತ್ತು ಬರುತ್ತದೆ. ಅರ್ಜಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಂಡು ಬನ್ನಿ. ನೀವು ಪೆನ್ಶನ್‌ದಾರರು, ನಿಮ್ಮನ್ನು ಯಾರೂ ಕೆಲಸದಿಂದ ತೆಗೆಯಲಾರರು.

ಮೈಸೂರು ಪೇಟ, ಹಾರ, ಹಣ್ಣಿನ ಬುಟ್ಟಿಯ ಖರ್ಚಿಗೆ ಇಟ್ಟ ದುಡ್ಡಲ್ಲಿ ನೂರಡಿ ಪೈಪು ಕೊಡಿಸಿ. ಈಗಿನ ಪೈಪು ಹಿಂದಿನ ಸಾಲಿಗೆ ಮುಟ್ಟುವುದಿಲ್ಲ, ಬಕೆಟ್‌ನಲ್ಲಿ ಹೊರುತ್ತಾರೆ. ಪೇಟದ ಗತಿ ನನಗೆ ಗೊತ್ತು. ನಮ್ಮ ಮನೆಯಲ್ಲಿ ಎರಡಿವೆ, ಒಂದರಲ್ಲಿ ಬೆಕ್ಕು ಮಲಗುತ್ತದೆ.

ಲಾನ್ ಬೇಡ. ಹತ್ತು ಗುಂಟೆ ಲಾನ್ ಅಂದರೆ ಸುಮಾರು ಸಾವಿರ ಚದರ ಮೀಟರ್. ಬೇಸಿಗೆಯಲ್ಲಿ ಮೀಟರಿಗೆ ದಿನಕ್ಕೆ ಐದು ಲೀಟರ್ ಅಂದರೂ 5,000 ಲೀಟರ್, ದಿನಾ ಒಂದು ಟ್ಯಾಂಕರ್. ಬಯಲುಸೀಮೆಯಲ್ಲಿ ಕೂತು ಇದನ್ನು ಕೇಳಬೇಡಿ. ಗರಿಕೆ ಒಣಗಿದಂತೆ ಕಂಡರೂ ಒಂದು ಮಳೆಗೆ ಚಿಗುರುತ್ತದೆ.

ಫೋಟೊ ಹಾಕುತ್ತೇವೆ. ಗುಡ್ಡೆಯದು. ಗೊಬ್ಬರ ದೀಪಾವಳಿ ಹೊತ್ತಿಗೆ ಆಗುತ್ತಂತೆ. ನಿಮ್ಮ ಮನೆಯ ದಾಸವಾಳಕ್ಕೆ ಎರಡು ಪುಟ್ಟಿ ಎತ್ತಿಡುತ್ತೇನೆ ಅಂದಿದ್ದಾರೆ. ಚೀಲ ನೀವೇ ತರಬೇಕಂತೆ.